ಭಾನುವಾರದ ಭಗೀರಥ

ಕೋಲಾರ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಕಾಫಿಗಿಂತ ಮುಂಚೆ ಬರುವುದು ನೀರಿನ ಮಾತು. ಬೋರು ಎಷ್ಟು ಅಡಿ ಇಳಿಸಿದಿರಿ, ಟ್ಯಾಂಕರಿನವನು ಎಷ್ಟು ಕೇಳಿದ, ನಲ್ಲಿ ಯಾವತ್ತು ಬಿಡುತ್ತಾರೆ. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವರಿರುವ ಇದೇ ಸೀಮೆಯಲ್ಲಿ ಒಬ್ಬ ಮನುಷ್ಯ ಮಾತ್ರ ಪ್ರತಿ ಭಾನುವಾರ ನಡುಮನೆಯಿಂದ ಬಕೆಟ್‌ಗಟ್ಟಲೆ ನೀರನ್ನು ಆಚೆ ಹೊರುತ್ತಿರುತ್ತಾನೆ. ಅವನು ಊರಿಗೊಬ್ಬ: ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಲೆಕ್ಕ ಬರೆಯುತ್ತಾನೆ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದಾನೆ, ಮುಳಬಾಗಿಲಿನಲ್ಲಿ ಮೇಷ್ಟ್ರು. ಮಗಳ ಹಟಕ್ಕೆಂದು ಎರಡು ಗೋಲ್ಡ್‌ಫಿಶ್ ತಂದಿದ್ದ. ಮಗಳು ಮೊಬೈಲಿನ ಪಾಲಾದಳು, ಮೀನು ಅಪ್ಪನ ಪಾಲಿಗೆ ಉಳಿದವು. ಬೀದಿಗೆಲ್ಲ ಅವನೀಗ ಮೀನಣ್ಣ.

ನಲ್ಲಿ ಬಂದ ದಿನ ಬೇರೆಯವರು ಬಿಂದಿಗೆ ಹಿಡಿದರೆ ಅವನು ಮೂಗು ಹಿಡಿಯುತ್ತಾನೆ. "ಇವತ್ತು ಬ್ಲೀಚಿಂಗ್ ಜಾಸ್ತಿ ಹಾಕವ್ರೆ" ಎಂದು ತೀರ್ಪು ಕೊಡುತ್ತಾನೆ. ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನಲ್ಲಿ ಮನೆ ಮಾಡಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅದಕ್ಕೆ ಬಚ್ಚಲಿನ ದೊಡ್ಡ ಬಕೆಟ್ಟನ್ನು ಒಂದು ದಿನ ಬಾಯಿ ತೆರೆದಿಟ್ಟು, ಗಾಳಿ ಪಂಪು ಬಿಡುತ್ತಾನೆ. ಅವಸರವಿದ್ದರೆ ಎರಡು ಹರಳು ಹೈಪೋ. ಹಿಂದೆ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯಲು ಬಳಸುತ್ತಿದ್ದರಲ್ಲ, ಅದೇ. ಬೋರಿನ ನೀರಿಗೆ ಆ ರಗಳೆಯಿಲ್ಲ, ಆದರೆ ಅದರ ಗಡಸು ಮತ್ತು ಫ್ಲೋರೈಡು ಹಾರಿಹೋಗುವ ಪೈಕಿಯಲ್ಲ. ಹಾಗಾಗಿ ಜೇಬಿನಲ್ಲಿ ಸದಾ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್.

ಆ ಮೀಟರಿಗೆ ಸಮಯಸಂದರ್ಭವೆಂಬುದಿಲ್ಲ. ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರನ್ನು ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದರೆ ಇವನು ಮೀಟರ್ ಹಿಡಿದ. ಅಕ್ಕನ ಮಗನಿಗೆ ಹೆಣ್ಣು ನೋಡಲು ಹೋದಾಗ ಕುಡಿಯಲು ಕೊಟ್ಟ ಲೋಟಕ್ಕೂ ಅದ್ದಿ, "ಅಬ್ಬಾ, ಸಾವಿರದ ಇನ್ನೂರು!" ಎಂದ. ಹುಡುಗಿಯ ತಂದೆಯ ಮುಖ ಅರಳಿತು. "ಹೌದು ಸ್ವಾಮಿ, ಮೂವತ್ತು ನಲವತ್ತು ಸೈಟು. ಮಗಳ ಹೆಸರಲ್ಲೇ ಐತೆ."

ನಾಣ್ಯ ಹಾಕುವ ಶುದ್ಧ ನೀರಿನ ಘಟಕದಿಂದ ಕ್ಯಾನ್ ನೀರು ತಂದು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸುತ್ತಾನೆ. ಬರೀ ಆರ್‌ಓ ನೀರಿನಲ್ಲಿ ಲವಣಗಳು ಹೆಚ್ಚುಕಡಿಮೆ ಇರುವುದೇ ಇಲ್ಲವಂತೆ. ಅವನ ತಾಯಿ ಕೇಳುತ್ತಾರೆ: "ನಮ್ಮ ಅನ್ನಕ್ಕೆ ಬೋರ್ ನೀರು, ನಿನ್ನ ಮೀನಿಗೆ ಫಿಲ್ಟರ್ ನೀರೇನೋ?" ನ್ಯಾಯವಾದ ಪ್ರಶ್ನೆ. ಉತ್ತರ ಅವನ ಬಳಿಯೂ ಇಲ್ಲ, ಸರ್ಕಾರದ ಬಳಿಯೂ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಂದಿನಿಂದ, ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿದರೆ ಸಾಕೇ, ಮೂರನೆಯದೂ ಬೇಕೇ ಎಂದು ಜಿಲ್ಲೆಯೆಲ್ಲ ಜಗಳ. ಮೀನಣ್ಣನ ಮನೆಯಲ್ಲಿ ಮೂರನೆಯ ಹಂತ ಆಗಲೇ ಜಾರಿಗೆ ಬಂದಿದೆ.

ಮೀನಿನ ತೊಟ್ಟಿಯ ನೀರು ತೆಗೆಯುವ ಕೆಲಸ ಸುಲಭವಾಗಲೆಂದು ಗಾರೆಯವರ ಲೆವೆಲ್ ಪೈಪು ತಂದ. ಒಂದು ತುದಿ ಗಾಜಿನ ತೊಟ್ಟಿಗೆ, ಇನ್ನೊಂದು ತುದಿ ಬಾಯಿಗೆ. ಎಳೆದರೆ ನೀರು ತಾನೇ ಕೆಳಗಿನ ಬಕೆಟ್ಟಿಗೆ ಇಳಿಯುತ್ತದೆ, ಮೊದಲ ಗುಟುಕು ಮಾತ್ರ ಹೊಟ್ಟೆಗೆ. ಆಮೇಲೆ ಕೂಲರಿನ ಸಣ್ಣ ಮೋಟರ್ ಬಂತು. ಮೋಟರ್ ಹಾಕಿ ಫೋನಿಗೆ ಹೋದವನು ಮರಳುವಷ್ಟರಲ್ಲಿ ಎದುರುಮನೆಯ ರಂಗೋಲಿ ಮೋರಿ ಸೇರಿತ್ತು. ಅವನ ನಿಯಮಗಳು ಮಾತ್ರ ಕಟ್ಟುನಿಟ್ಟು: ತೆಗೆಯುವುದು ಕಾಲುಭಾಗ, ಪೂರ್ತಿ ಎಂದೂ ಇಲ್ಲ, ಫಿಲ್ಟರಿನ ಸ್ಪಂಜನ್ನು ಹಿಂಡುವುದು ತೆಗೆದ ನೀರಿನಲ್ಲೇ. ಹೆಂಡತಿ ಒಮ್ಮೆ ಪಾಪವೆಂದು ಅದನ್ನು ಸೋಪು ಹಾಕಿ ಬೆಳ್ಳಗೆ ಮಾಡಿದ್ದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಹೊರಗೆ ಬಂದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅವನ ಕರಿಬೇವು ಬೀದಿಗೇ ದೊಡ್ಡದು. "ಅಣ್ಣಾ, ನಮ್ಮ ಮಲ್ಲಿಗೆಗೂ ಒಂದು ಬಿಂದಿಗೆ" ಎಂದು ಅಕ್ಕಪಕ್ಕದವರು ಸಾಲು ನಿಲ್ಲುತ್ತಾರೆ.

ಈ ಬೇಸಿಗೆಯಲ್ಲಿ ನಲ್ಲಿಯೂ ಇಲ್ಲ, ಟ್ಯಾಂಕರೂ ಇಲ್ಲ ಎನ್ನುವ ದಿನ ಬೆಂಗಳೂರಿನಿಂದ ಬಾಮೈದ ಬಂದ. ಬಚ್ಚಲಿನಲ್ಲಿ ತುಂಬಿದ ಬಕೆಟ್ ಕಂಡು ಸಮೃದ್ಧಿಯಾಗಿ ಸ್ನಾನ ಮುಗಿಸಿ ಬಂದ. ಮನೆಯವರೆಲ್ಲ ಉಸಿರು ಹಿಡಿದು ನಿಂತರು. ಮೀನಣ್ಣ ಬಚ್ಚಲಿಗೆ ಇಣುಕಿ ನೋಡಿ ಬಂದು ಮೆಲ್ಲಗೆ ಕೇಳಿದ:

"ಮೈಯೆಲ್ಲ ಉರಿ ಇಲ್ಲ ತಾನೇ? ಹೈಪೋ ಸ್ವಲ್ಪ ಜಾಸ್ತಿ ಬಿದ್ದಿತ್ತೇನೋ ಅಂತ ಅನುಮಾನ ಇತ್ತು."