ಅಮೆರಿಕಾ ಮಾಲಕರು

ಬೇಲೂರು ಎಂದಕೂಡಲೇ ಚೆನ್ನಕೇಶವನಿಗೆ ಕೈಮುಗಿಯುವವರು ಸ್ವಲ್ಪ ತಾಳಬೇಕು. ಇದು ಧಾರವಾಡದ ಬೇಲೂರು. ಪಿ.ಬಿ. ರಸ್ತೆ ಹಿಡಿದು ಬೆಳಗಾವಿಯ ಕಡೆ ಹೊರಟರೆ ಸಿಗುವ ಕೈಗಾರಿಕಾ ಪ್ರದೇಶ. ಇಲ್ಲಿ ಶಿಲಾಬಾಲಿಕೆಯರಿಲ್ಲ, ಲೇಥಿನ ಮುಂದೆ ಸೊಂಟ ಬಗ್ಗಿಸಿದ ಗಂಡಾಳುಗಳಿದ್ದಾರೆ. ಅಂಥದೊಂದು ಶೆಡ್ಡಿನ ಧಣಿಯೇ ನಮ್ಮ ಅಮೆರಿಕಾ ಮಾಲಕರು. ಅಮೆರಿಕಾಕ್ಕೆ ಅವರು ಹೋಗಿಲ್ಲ, ಮಗಳನ್ನು ಡಲ್ಲಾಸಿನ ಹುಡುಗನಿಗೆ ಕೊಟ್ಟಿದ್ದಾರೆ. ಇಂಥವರು ಇಲ್ಲಿ ರಸ್ತೆಗೊಬ್ಬರು ಸಿಗುತ್ತಾರೆ. ಎಲ್ಲರನ್ನೂ ಒಂದೇ ಅಚ್ಚಿಗೆ ಸುರಿದು ಈ ಒಬ್ಬರನ್ನು ಎರಕ ಹೊಯ್ದಿದ್ದೇನೆ.

ಅವರ ಕ್ಯಾಬಿನ್ನಿನಲ್ಲಿ ಎರಡು ಗಡಿಯಾರ. ಒಂದು ನಮ್ಮದು, ಇನ್ನೊಂದು ಹನ್ನೊಂದೂವರೆ ತಾಸು ಹಿಂದಿನದು. ನವೆಂಬರಿನ ಮೊದಲ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ತಾಸು ಹಿಂದಿಡುತ್ತಾರೆಂದು ಗೊತ್ತಾಗುವ ಮೊದಲು ಮಾಲಕರು ಎರಡು ಸಲ ಸೆಲ್ ಬದಲಿಸಿದ್ದರು. ಈಗ ಆ ಗಡಿಯಾರದಿಂದ ಲಾಭವೂ ಇದೆ. ಒಂದನೇ ತಾರೀಖು ಬೆಳಿಗ್ಗೆ ಹುಡುಗರು ‘ಮಾಲಕರ, ಪಗಾರ?’ ಎಂದರೆ ಗೋಡೆಯ ಕಡೆ ನೋಡುತ್ತಾರೆ. ‘ತಡೀರೋ, ಅಲ್ಲೆ ಇನ್ನೂ 31 ನಡದೈತಿ.’

ಮಗಳು ಬಿ.ಇ. ಮುಗಿಸಿ ಇದೇ ಶೆಡ್ಡಿನಲ್ಲಿ ಎರಡು ವರ್ಷ ತಪಾಸಣೆ ನೋಡಿಕೊಂಡಿದ್ದವಳು. ಎಚ್-4 ವೀಸಾದ ಮೇಲೆ ಹೋದಳು. ಎಚ್-1ಬಿಯವರ ಹೆಂಡಂದಿರ ವೀಸಾ ಅದು. ಅದೊಂದರ ಮೇಲೇ ಅಲ್ಲಿ ದುಡಿಯುವಂತಿಲ್ಲ. ‘ಮೈಕ್ರೋಮೀಟರ್ ಹಿಡದು ಜಾಬ್ ರಿಜೆಕ್ಟ್ ಮಾಡಾಕಿ ರೀ ಅಕಿ. ಅಲ್ಲೆ ಅಕಿನ್ನ ರಿಜೆಕ್ಟ್ ಮಾಡಿ ಮನ್ಯಾಗ ಕುಂದ್ರಿಸ್ಯಾರ’ ಎಂದು ವಾರಗಟ್ಟಲೆ ಉರಿದರು. ಆಮೇಲೆ ತಿಳಿಯಿತು: 2015ರಿಂದ ಇಂಥ ಹೆಂಡಂದಿರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರಬೇಕು. ಅಂದಿನಿಂದ ಪ್ರತಿ ಭಾನುವಾರದ ವಿಡಿಯೋ ಕಾಲಿನಲ್ಲಿ ಅವರ ಹೆಂಡತಿ ಮಗಳನ್ನು ‘ಏನರೆ ವಿಶೇಷ ಐತೇನ?’ ಎಂದು ಕೇಳುತ್ತಾರೆ, ಇವರು ಅಳಿಯನನ್ನು ‘ಐ-140 ಏನಾತ್ರೀ?’ ಎಂದು ಕೇಳುತ್ತಾರೆ. ಎರಡಕ್ಕೂ ಆ ಹುಡುಗ ಒಂದೇ ಥರ ನಾಚಿ ತಲೆ ತಗ್ಗಿಸುತ್ತಾನೆ.

ಅಲ್ಲಿನ ಅಳತೆಗಳಲ್ಲಿ ಇವರನ್ನು ನಿಜವಾಗಿ ಕಂಗೆಡಿಸಿದ್ದು ಡಿಗ್ರಿ. ಹೋದ ಹೊಸದರಲ್ಲಿ, ಡಿಸೆಂಬರಿನಲ್ಲಿ, ಮಗಳು ‘ಅಪ್ಪಾ, ಇವತ್ತ ಇಲ್ಲೆ 40 ಡಿಗ್ರಿ’ ಎಂದಳು. ಮಾಲಕರು ಶೆಡ್ಡಿಗೆ ಬಂದು ‘ಥೇಟ್ ಕಲಬುರಗಿ ಬಿಸಲು ರೀ, ಪಾಪ ಕೂಸು’ ಎಂದು ಮರುಗಿ, ಆ ಕಡೆ ಹೊರಟಿದ್ದ ಪರಿಚಯದವರ ಕೈಯಲ್ಲಿ ನಾಲ್ಕು ತೆಳ್ಳನೆಯ ನೂಲಿನ ಸೀರೆ ಕಳಿಸಿದರು. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ನಾಲ್ಕರ ಚಳಿ. ವಿಷಯ ತಿಳಿದ ದಿನವೇ ಕೌದಿ ಹೊರಟಿತು. ಕೌದಿಯ ಕೂಲಿಗಿಂತ ಕೊರಿಯರ್ ಖರ್ಚು ಎಷ್ಟು ಪಟ್ಟು ಹೆಚ್ಚು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇಂಚಿನ ವಿಷಯದಲ್ಲಿ ಮಾತ್ರ ಅವರಿಗೆ ಪರಮ ಸಂತೋಷ. ‘ನಾವು ಬಿಟ್ಟ ಇಂಚು-ಫೂಟ ಅವರು ಇನ್ನೂ ಬಿಟ್ಟಿಲ್ಲ. ನಮ್ಮ ಹಳೇ ಮಿಸ್ತ್ರಿ ಅಲ್ಲೆ ಹೋದ್ರ ರಾಜಾ ಆಗ್ತಿದ್ದ!’

ಮೂರು ವರ್ಷದ ಮೇಲೆ ಮಗಳು ತವರಿಗೆ ಬಂದಳು. ಬಂದವಳೇ ಗಿರಮಿಟ್ಟು, ಮಿರ್ಚಿ ಬೇಕೆಂದಳು. ‘ಹೊಟ್ಟಿ ಕೆಡ್ತೈತವ್ವಾ, ಈಗ ನಿನಗ ರೂಢಿ ಇಲ್ಲ’ ಎಂದು ಮಾಲಕರು ಬಾಟಲಿ ನೀರು ಮುಂದೆ ಹಿಡಿದರು. ಅವಳು ಅವ್ವನ ಬಿಂದಿಗೆಯಿಂದ ನೀರು ಬಗ್ಗಿಸಿ ಕುಡಿದು, ಎರಡು ರೊಟ್ಟಿ ಉಂಡು, ಹತ್ತಕ್ಕೆಲ್ಲ ಮಲಗಿಬಿಟ್ಟಳು.

ಮರುದಿನ ಬಿಲ್ಲಿನ ಹಣಕ್ಕೆಂದು ಹೋದಾಗ ಮಾಲಕರು ಟೇಬಲ್ಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ರಾತ್ರಿ ಎರಡಕ್ಕೇ ಎಚ್ಚರವಾಗಿ ಕೂತಿದ್ದರಂತೆ.

‘ಯಾಕ್ರೀ, ಆರಾಮ ಇಲ್ಲೇನು?’ ಎಂದೆ.

ಅರ್ಧ ಕಣ್ಣು ತೆರೆದು ಗೋಡೆಯ ಎರಡನೇ ಗಡಿಯಾರದ ಕಡೆ ಕೈ ತೋರಿದರು.

‘ಜೆಟ್ ಲ್ಯಾಗ್ ರೀ.’