ಒಗೆದರೆ ಬಾಳದು, ಒಗೆಯದಿದ್ದರೆ ಮನೆ ತಾಳದು

ಅಮೆರಿಕದ ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್‌ನ ಬಳಿ ಒಬ್ಬ ಹೆಂಗಸು ಬಂದು, ಸೌದೆ ಕಡಿಯುವ ಗಂಡನಿಗೆ ಹರಿಯದ ಪ್ಯಾಂಟು ಬೇಕೆಂದಳು. ಆತ ಕುದುರೆ ಹೊದಿಕೆಗೆ ಹೊಡೆಯುವ ತಾಮ್ರದ ರಿವೆಟ್ಟನ್ನೇ ಜೇಬಿನ ಮೂಲೆಗೆ ಬಡಿದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆಗೂಡಿದ. 1873ರ ಮೇ 20ರಂದು ಪೇಟೆಂಟೂ ಸಿಕ್ಕಿತು.

ಪ್ಯಾಂಟು ಉಳಿಯಿತು, ಕುರ್ಚಿ ಉಳಿಯಲಿಲ್ಲ! ಹಿಂಜೇಬಿನ ರಿವೆಟ್ಟು ಪೀಠೋಪಕರಣ ಗೀರುತ್ತದೆಂಬ ದೂರಿಗೆ ಮಣಿದು 1937ರಲ್ಲಿ ಅದನ್ನು ಬಟ್ಟೆಯೊಳಗೆ ಅಡಗಿಸಬೇಕಾಯಿತು.

ಇಂದಿನ ಜೀನ್ಸ್ ಗಿರಾಕಿ ಅಂಗಡಿಯಲ್ಲಿ ಕನ್ನಡಿಯನ್ನಷ್ಟೇ ನೋಡುತ್ತಾನೆ. ನೋಡಬೇಕಾದ್ದು ಪ್ಯಾಂಟಿನ ಒಳಮೈ. ತೊಡೆಸಂದಿಯ ಅಂಚು ಮಡಚಿ ಜೋಡಿ ಹೊಲಿಗೆ ಹಾಕಿದ್ದಾರೆಯೇ? ಜೇಬಿನ ಬಟ್ಟೆ ಗಟ್ಟಿಯೇ? ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುವ ಹತ್ತಿ ಡೆನಿಮ್ ದುಡಿಮೆಗೆ ಒಗ್ಗುತ್ತದೆ. ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಹೆಚ್ಚಿದಷ್ಟೂ ಕೂರಲು ಸುಖ, ಆಯಸ್ಸು ಕಮ್ಮಿ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಈ ಪಾಠ ಯಾರಿಗೂ ಬೇಕಿಲ್ಲ.

ಇನ್ನು ಒಗೆತ. 2014ರಲ್ಲಿ ಲೀವೈಸ್ ಕಂಪನಿಯ ಮುಖ್ಯಸ್ಥ ಚಿಪ್ ಬರ್ಗ್, ತಾವು ತೊಟ್ಟ ಜೀನ್ಸ್ ವರ್ಷದಿಂದ ವಾಷಿಂಗ್ ಮಷಿನ್ ಕಂಡಿಲ್ಲ ಎಂದು ವೇದಿಕೆಯಲ್ಲೇ ಸಾರಿದರು. ನಮ್ಮ ಬೆವರಿನ ಊರುಗಳಲ್ಲಿ ಆ ಶೌರ್ಯ ಬೇಡ. ಒಳಮೈ ಹೊರಗೆ ತಿರುಗಿಸಿ, ತಣ್ಣೀರಲ್ಲಿ ಅದ್ದಿ, ನೆರಳಲ್ಲಿ ಒಣಹಾಕಿ. ಒಗೆಯುವ ಕಲ್ಲಿಗೆ ಮಾತ್ರ ಬಡಿಯಬೇಡಿ.