ಕಪೋಲಪ್ರಮಾಣ: ಹಳೆಯ ರೈಫಲಿಗೆ ಸ್ಕೋಪ್ ಕೂಡಿಸುವ ಶಾಸ್ತ್ರ

ಭಾಟ್ಟ ಮೀಮಾಂಸಕರು ಒಪ್ಪಿದ ಪ್ರಮಾಣಗಳು ಆರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಬೇಟೆಯ ರೈಫಲಿಗೆ ಸ್ಕೋಪ್ ಕೂಡಿಸುವ ವಿಷಯದಲ್ಲಿ ಈ ಆರೂ ಕೈಚೆಲ್ಲುತ್ತವೆಂದೂ, ಏಳನೆಯದಾದ ಕಪೋಲಪ್ರಮಾಣವೊಂದೇ ಗತಿಯೆಂದೂ ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸ್ಕೋಪನ್ನು ಆರಿಸಬೇಕಾದದ್ದು ಕಣ್ಣಲ್ಲ, ಕಿಸೆಯಲ್ಲ, ಅಂಗಡಿಯವನಂತೂ ಅಲ್ಲವೇ ಅಲ್ಲ; ಕೆನ್ನೆ. ಚರ್ಚೆ ಕೈಮೀರದಿರಲೆಂದು ಒಂದೇ ಕೋವಿಯನ್ನು ಎತ್ತಿಕೊಂಡಿದೆ: ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ 1936ರಿಂದ ತಯಾರಾದ ವಿಂಚೆಸ್ಟರ್ ಮಾಡೆಲ್ 70, ಅದರಲ್ಲೂ 1964ರಲ್ಲಿ ಕಂಪನಿ ಖರ್ಚು ಉಳಿಸಲು ವಿನ್ಯಾಸ ಬದಲಿಸುವುದಕ್ಕೆ ಮುಂಚಿನದು. ಆ ಕೋವಿಗೆ ಅಲ್ಲಿನ ಭಕ್ತರು ಸಲ್ಲಿಸುವ ಗೌರವ ನೋಡಿದರೆ ಕೃತಯುಗ ಮುಗಿದದ್ದು 1963ರ ಡಿಸೆಂಬರಿನಲ್ಲೇ ಇರಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಪುಸ್ತಕದಲ್ಲಷ್ಟೇ ಉಳಿದಿದೆ. ಪ್ರಯೋಗಕ್ಕೆ ಎಡೆಯಿಲ್ಲದ ಶಾಸ್ತ್ರವನ್ನು ಶುದ್ಧವಾಗಿ ಬೆಳೆಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲು ವಸ್ತುಸ್ಥಿತಿ. ಈ ಕೋವಿ ಕಾರ್ಖಾನೆಯಿಂದ ಹೊರಡುವಾಗ ನಳಿಗೆಯ ಮೇಲೆ ಹಿಂದೊಂದು ಮುಂದೊಂದು ಲೋಹದ ಸೈಟು ಇರುತ್ತಿದ್ದವು. ಅವೆರಡನ್ನೂ ಒಂದೇ ಗೆರೆಗೆ ತರಬೇಕಾದರೆ ಕಣ್ಣು ನಳಿಗೆಯ ಮಟ್ಟಕ್ಕೆ ತಗ್ಗಬೇಕು. ಅದಕ್ಕೆ ಅನುಕೂಲವಾಗಲೆಂದು ವಾಲ್‌ನಟ್ ಮರದ ಸ್ಟಾಕಿನ ಬೆನ್ನನ್ನೂ ತಗ್ಗಾಗಿಯೇ ಕೆತ್ತಿದ್ದರು. ಇದರ ಮೇಲೆ ಸ್ಕೋಪ್ ಏರಿಸಿದರೆ, ಗಿಡ್ಡ ಉಂಗುರಗಳನ್ನೇ ಹಾಕಿದರೂ, ನೋಟದ ಗೆರೆ ನಳಿಗೆಯ ನಡುವಿನಿಂದ ಸುಮಾರು ಒಂದೂವರೆ ಇಂಚು ಮೇಲಕ್ಕೆ ಹೋಗುತ್ತದೆ. ಸ್ಕೋಪಿನ ಮುಂಗಾಜು 32 ಮಿ.ಮೀ. ಇದ್ದದ್ದು 50 ಆಯಿತೆನ್ನಿ. ಅದು ನಳಿಗೆಗೆ ತಾಗದಿರಲು ಕೊಳವೆಯ ನಡುಗೆರೆ ಆ ಹೆಚ್ಚಳದ ಅರ್ಧ, ಎಂದರೆ 9 ಮಿ.ಮೀ., ಇನ್ನೂ ಮೇಲೇಳಬೇಕು. ಕಾಗದದ ಮೇಲೆ 9 ಮಿ.ಮೀ. ಒಂದು ಲೆಕ್ಕವಲ್ಲ. ಆದರೆ ಅಷ್ಟಕ್ಕೇ ಕೆನ್ನೆ ಮರವನ್ನು ಬಿಡುತ್ತದೆ, ಗದ್ದ ಹಿಡಿಯುತ್ತದೆ. ಗದ್ದವೂ ತಪ್ಪಿದರೆ ತಲೆಗೆ ಆಧಾರವೇ ಇಲ್ಲ. ಆಧಾರವಿಲ್ಲದ ತಲೆ ಬಿಂಬವನ್ನು ಹುಡುಕಿಕೊಂಡು ಮೆಲ್ಲಗೆ ಮುಂದೆ ಸರಿಯುತ್ತದೆ. ಕಣ್ಣಿಗೂ ಹಿಂಗಾಜಿಗೂ ನಡುವೆ ಇರಬೇಕಾದ ಮೂರು, ಮೂರೂವರೆ ಇಂಚಿನ ಅಂತರ ಹೀಗೆ ಕರಗಿರುವ ಹೊತ್ತಿಗೆ .30-06 ತೋಟಾ ಸಿಡಿಯುತ್ತದೆ, ಕೋವಿ ಹಿಂದಕ್ಕೆ ಒದೆಯುತ್ತದೆ, ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಪ್ರಯೋಗ ಮಾಡುತ್ತದೆ. ಅಮೆರಿಕದ ಬೇಟೆಗಾರರಲ್ಲಿ ಈ ಗುರುತನ್ನು ಹೊತ್ತವರು ಅಪರೂಪವಲ್ಲ. ನಮ್ಮ ಸಿದ್ಧಾಂತದ ಶಿಲಾಶಾಸನ ಅವರ ಹಣೆಯಲ್ಲೇ ಇದೆ.

ಪರೀಕ್ಷೆಯ ಕ್ರಮ ಸರಳ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ ಅದನ್ನು ಹೆಗಲಿಗೇರಿಸಬೇಕು. ಕೆನ್ನೆ ತಾನಾಗಿ ಎಲ್ಲಿ ಒರಗುತ್ತದೋ ಅಲ್ಲಿಯೇ ಬಿಟ್ಟು ಕಣ್ಣು ತೆರೆಯಬೇಕು. ಬಿಂಬ ಅಂಚಿನಿಂದ ಅಂಚಿಗೆ ತುಂಬಿ ಕಂಡರೆ ಸ್ಕೋಪಿನ ಎತ್ತರ ಸರಿ. ಕೆಳಗೊಂದು ಕಪ್ಪು ಬಳೆಚೂರು ಕಂಡು, ಕತ್ತು ತಾನಾಗಿ ಉದ್ದವಾದರೆ ಆ ಸ್ಕೋಪನ್ನು ಪೆಟ್ಟಿಗೆಗೆ ವಾಪಸು ಹಾಕಬೇಕು, ಬೆಲೆ ಎಷ್ಟೇ ಇರಲಿ. ಮಾಡೆಲ್ 70ರ ತಗ್ಗು ಬೆನ್ನಿನ ಮೇಲೆ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುವುದು ಒಂದಿಂಚು ಕೊಳವೆಯ, 32-33 ಮಿ.ಮೀ. ಮುಂಗಾಜಿನ, ನಾಲ್ಕು ಪಟ್ಟು ಹಿಗ್ಗಿಸುವ ಸ್ಥಿರ ಸ್ಕೋಪ್. ಶಬ್ದಪ್ರಮಾಣವೇ ಬೇಕೆನ್ನುವವರಿಗೆ ಜಾಕ್ ಓಕಾನರ್ ಇದ್ದಾರೆ. .270 ತೋಟಾವನ್ನು ಬಾಳೆಲ್ಲ ಹೊಗಳಿದ ಆ ಅಮೆರಿಕನ್ ಲೇಖಕರು ಪರ್ವತದ ಬೇಟೆಗೆ ನೆಚ್ಚಿದ್ದೂ ನಾಲ್ಕು ಪಟ್ಟಿನ ಸ್ಕೋಪನ್ನೇ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ದೊಡ್ಡ ಗಾಜು ಹೆಚ್ಚು ಬೆಳಕು ಕುಡಿಯುತ್ತದೆ. ಜಿಂಕೆ ಹೊರಬರುವುದು ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ. ಆದ್ದರಿಂದ 50 ಮಿ.ಮೀ. ಬೇಕೇ ಬೇಕು, ಎಂದು. ಉತ್ತರ: ಮುಂಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ದಪ್ಪ ಸಿಗುತ್ತದೆ. 32 ಭಾಗಿಸು 4, ಎಂಟು ಮಿ.ಮೀ. ಹರೆಯದ ಕಣ್ಣಿನ ಪಾಪೆಯೇ ಕತ್ತಲಲ್ಲಿ ಸುಮಾರು ಏಳಕ್ಕಷ್ಟೇ ಅರಳುತ್ತದೆ. ವಯಸ್ಸಾದಂತೆ ಐದೂ ದಾಟುವುದಿಲ್ಲ. ಹಳೆಯ ಕೋವಿಯ ಒಡೆಯ ಸಾಮಾನ್ಯವಾಗಿ ಹಳಬನೇ. ಹೀಗಾಗಿ ಅವನಿಗೆ ಸಣ್ಣ ಗಾಜೇ ಕುಡಿಯಲಾರದಷ್ಟು ಬಡಿಸುತ್ತಿರುವಾಗ ಮಿಕ್ಕ ಬೆಳಕು ಬೀಳುವುದು ರೆಪ್ಪೆಯ ಮೇಲೆ. ಮಬ್ಬುಬೆಳಕಿನಲ್ಲಿ ವಿವರ ಕಾಣಲು ಪಟ್ಟೂ ಬೇಕೆಂಬ ಮಾತು ನಿಜ, ಪೂರ್ವಪಕ್ಷಿ ಅದನ್ನು ವರ್ಗಮೂಲದ ಸಮೇತ ಸಾಧಿಸಬಲ್ಲ. ಆದರೆ ಆ ಗಣಿತವೆಲ್ಲ ಕಣ್ಣು ಸ್ಕೋಪಿನ ನೇರಕ್ಕಿದೆಯೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ, ಕಣ್ಣನ್ನು ಅಲ್ಲಿ ನಿಲ್ಲಿಸುವವರು ಯಾರೆಂದು ಕೇಳುವುದೇ ಇಲ್ಲ. ಪೆನ್ಸಿಲ್ವೇನಿಯಾದ ಓಕ್ ಕಾಡಿನಲ್ಲಿ ನೂರು ಗಜ ನೋಟ ಹರಿದರೆ ಹೆಚ್ಚು. ನೂರು ಗಜದ ಜಿಂಕೆ ನಾಲ್ಕು ಪಟ್ಟಿನಲ್ಲಿ ಇಪ್ಪತ್ತೈದು ಗಜದಲ್ಲಿ ನಿಂತಂತೆ ಕಾಣುತ್ತದೆ. ಅದಕ್ಕಿಂತ ಹತ್ತಿರ ಬೇಕೆನ್ನುವವರಿಗೆ ಬೇಕಾದದ್ದು ಬೇಟೆಯಲ್ಲ, ಪರಿಚಯ.

ಎರಡನೆಯ ಆಕ್ಷೇಪ ಜಾಣತನದ್ದು: ಸ್ಟಾಕಿನ ಮೇಲೆ ಚರ್ಮದ ದಿಂಬು ಕಟ್ಟಿ ಕೆನ್ನೆಯನ್ನೇ ಎತ್ತರಿಸಿದರಾಯಿತು, ಆಮೇಲೆ ಯಾವ ಸ್ಕೋಪಾದರೂ ನಡೆಯುತ್ತದೆ. ಹೀಗೆಂದವನು ದಿಂಬಿಗೆ ದುಡ್ಡು ಕೊಡುವ ಕ್ಷಣದಲ್ಲೇ ಕೆನ್ನೆಯ ಪರಮಾಧಿಕಾರವನ್ನು ಒಪ್ಪಿ ರುಜು ಹಾಕಿದ್ದಾನೆ. ವಾದ ಅಲ್ಲಿಗೆ ಮುಗಿಯಿತು. ಸಾಲದ್ದಕ್ಕೆ ದಿಂಬು ತೀರ ಎತ್ತರವಾದರೆ ಬೋಲ್ಟನ್ನು ಹಿಂದಕ್ಕೆಳೆದು ಹೊರತೆಗೆಯಲು ಅಡ್ಡ ಬರುತ್ತದೆ. ಮೂರನೆಯವನು ಪಟ್ಟು ಬದಲಿಸಬಹುದಾದ ಸ್ಕೋಪಿನ ವಕೀಲ. ಮೂರರಿಂದ ಒಂಬತ್ತರ ತನಕ ಹೇಗೆ ಬೇಕೋ ಹಾಗೆ ತಿರುಗಿಸಿಕೊಳ್ಳಿ ಎನ್ನುತ್ತಾನೆ. ತಿರುಗಿಸುವ ಬಳೆ ಅಂಗಡಿಯಲ್ಲಿ ಒಂಬತ್ತಕ್ಕೆ ಹೋಗಿರುತ್ತದೆ, ಎದುರುಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಓದಲು. ಕಾಡಿನಲ್ಲೂ ಅಲ್ಲೇ ಇರುತ್ತದೆ. ಇಪ್ಪತ್ತು ಗಜದಲ್ಲಿ ಜಿಂಕೆ ಎದ್ದು ನಿಂತಾಗ ಕಾಣುವುದು ಒಂದು ಹಿಡಿ ಕಂದು ಕೂದಲು, ಅದು ಯಾವ ಅಂಗದ್ದೆಂದು ಹೇಳುವವರಿಲ್ಲ. ಆದರೂ ಶಾಸ್ತ್ರ ನಿರ್ದಯವಲ್ಲ: ಎರಡರಿಂದ ಏಳು ಪಟ್ಟಿನ, 33 ಮಿ.ಮೀ. ಗಾಜಿನ ಸ್ಕೋಪಿಗೆ ಕೆನ್ನೆಯ ತಕರಾರಿಲ್ಲ, ಆದ್ದರಿಂದ ನಮ್ಮದೂ ಇಲ್ಲ.

ಕೊನೆಯ ಆಕ್ಷೇಪ ಸ್ಕೋಪನ್ನೇ ಅಲ್ಲಗಳೆಯುವವರದು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ ಕೂಡ ಬೋಲ್ಟಿನ ಕೋವಿಯೇ, ಅದರ ಮೇಲೆ ಸ್ಕೋಪ್ ಎಲ್ಲಿತ್ತು? ಕೊಡಗಿನ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ಗಾಜು ಯಾರು ಕೊಟ್ಟರು? ಇಬ್ಬರೂ ನಮ್ಮ ಕಡೆಯ ಸಾಕ್ಷಿಗಳು. ತಗ್ಗು ಸೈಟು, ತಗ್ಗು ಸ್ಟಾಕು, ಅದಕ್ಕೊರಗಿದ ಕೆನ್ನೆ. ಮೂರೂ ಹೊಂದಿದ್ದರಿಂದ ಗುರಿ ತಪ್ಪಲಿಲ್ಲ. ಇಷ್ಟಾದ ಮೇಲೂ ಇದೆಲ್ಲ ಕಪೋಲಕಲ್ಪಿತ ಎನ್ನುವವರಿಗೆ ನಮ್ಮ ಪೂರ್ಣ ಸಮ್ಮತಿಯಿದೆ.

ಉಳಿದದ್ದು ಗಡ್ಡದ ವಿಚಾರ. ಅಮೆರಿಕದಲ್ಲಿ ಜಿಂಕೆಬೇಟೆಯ ಭರಾಟೆ ನವೆಂಬರಿನಲ್ಲಿ. ಆ ಚಳಿಗೆ ಬೇಟೆಗಾರರು ಗಡ್ಡ ಬಿಡುತ್ತಾರೆ, ಕೆನ್ನೆ ಒಂದೆರಡು ಮಿ.ಮೀ. ಮೇಲೇರುತ್ತದೆ. ದಪ್ಪ ಉಣ್ಣೆ ಕೋಟು ಸ್ಟಾಕನ್ನು ಹೆಗಲಿನಿಂದ ಮುಂದಕ್ಕೆ ತಳ್ಳಿ ಹಿಂಗಾಜನ್ನು ಕಣ್ಣಿನಿಂದ ದೂರ ಮಾಡುತ್ತದೆ. ತೆಳು ಅಂಗಿಯಲ್ಲಿ ತುಂಬಿ ಕಂಡ ಬಿಂಬಕ್ಕೆ ಆಗ ಸುತ್ತಲೂ ಕಪ್ಪು ಅಂಚು. ಆದಕಾರಣ ಆಗಸ್ಟ್ ತಿಂಗಳಲ್ಲಿ ಸ್ಕೋಪ್ ಕೂಡಿಸಲು ಹೋಗುವವರು ಉಣ್ಣೆ ಕೋಟು ತೊಟ್ಟು, ಸಾಧ್ಯವಾದರೆ ಗಡ್ಡ ಸಮೇತ, ಅಂಗಡಿಯನ್ನು ಪ್ರವೇಶಿಸತಕ್ಕದ್ದು.